ಹೆಬ್ಬೆರಳಿನ ಗುಳಿ

ಮನೋರಮಾ ಲೈಫ್ ಜಾಕೆಟಿನ ಎದೆಭಾಗಕ್ಕೆ ಹೆಬ್ಬೆರಳು ಒತ್ತಿ ತೆಗೆದಳು. ಗುಳಿ ಬಿತ್ತು. ಮೇಲೇಳಲಿಲ್ಲ.

"ಇದೆಂತ ಇದು?"

ಕಯಾಕ್ ದೋಣಿ ನಡೆಸುವ ಜೋಯ್‌ಸ್ಟನ್ ಮೊಣಕಾಲುದ್ದದ ನೀರಿನಲ್ಲಿ ನಿಂತು ನಕ್ಕ. "ಅದು ಬಂಗುಡೆ ಮೀನಲ್ಲ ಅಕ್ಕ, ಒತ್ತಿ ನೋಡ್ಲಿಕ್ಕೆ."

ಹಿಂದೆ ಸಾಲಿನಲ್ಲಿದ್ದವರೂ ನಕ್ಕರು. ಮನೋರಮಾ ನಗಲಿಲ್ಲ. ಅವಳು ಕಡಲ ಬದಿಯ ಎರ್ಮಾಳಿನವಳು. ಒತ್ತಿದ ಜಾಗ ಮೇಲೆ ಬಾರದ ಮೀನನ್ನು ಮನೆಯೊಳಗೆ ತಂದವಳಲ್ಲ, ಬುಟ್ಟಿ ಹೊತ್ತವಳು ಎಷ್ಟು ಬೈದರೂ ಸರಿ. ಕುಕ್ಕುಂದೂರಿನ ನಾದಿನಿ ದೀಕ್ಷಿತಾ ತನ್ನ ಮಗಳು ಮೋಕ್ಷಾಳನ್ನು ಈ ನದಿ ಉತ್ಸವಕ್ಕೆ ಕಳಿಸಿದ್ದೂ ಅದೇ ಧೈರ್ಯದಿಂದ. "ಅತ್ತಿಗೆ ಜೊತೆಗಿದ್ದರೆ ಯಾರೂ ಮೋಸ ಮಾಡಲಾರರು" ಎಂದಿದ್ದಳು. ಮೋಕ್ಷಾಳಿಗೂ ಮನೋರಮಾಳ ಮಗಳು ತನ್ವಿಗೂ ಒಂದೇ ಪ್ರಾಯ, ಹನ್ನೆರಡು. ಇಬ್ಬರಿಗೂ ಈಜು ಬಾರದು.

ಮಳೆ ಬಿಟ್ಟಿದ್ದರೂ ಸ್ವರ್ಣಾ ನದಿಯ ನೀರು ಇನ್ನೂ ಇಳಿದಿರಲಿಲ್ಲ. ಮಣಿಪಾಲದ ಗುಡ್ಡದಡಿ, ಎರಡು ಬದಿಯ ಬಂಡೆಗಳ ನಡುವೆ ಹೊಳೆ ಇಕ್ಕಟ್ಟಾಗಿ ತಿರುಗುವಲ್ಲಿ ನೀರು ಕಪ್ಪಗಿತ್ತು. ಜನ ನೋಡಲು ಬರುವುದೇ ಆ ತಿರುವನ್ನು. ದಡದ ಚಪ್ಪರದಲ್ಲಿ ಮೈಕು ಒಂದೇ ಸಮ ಅರಚುತ್ತಿತ್ತು.

ಮನೋರಮಾ ಜಾಕೆಟನ್ನು ಮಗುಚಿದಳು. ಕಿತ್ತಳೆ ಬಣ್ಣದ ಹೊಸ ಬಟ್ಟೆ, ಎದೆಯ ಮೇಲೆ ಉತ್ಸವದ ಹೆಸರು. ತೋಳಿನ ಸಂದಿಯಿಂದ ಹಳದಿ ಪುಡಿ ಉದುರಿ ಅವಳ ಬೆರಳಿಗೆ ಅಂಟಿತು.

"ಅಂಗಿ ಮಾತ್ರ ಹೊಸದು. ಒಳಗೆ ಎಂತ ತುಂಬಿಸಿದ್ದೀರಿ?"

"ನಾನು ತುಂಬಿಸಿದ್ದಲ್ಲ ಅಕ್ಕ. ಕಮಿಟಿಯವರು ಕೊಟ್ಟದ್ದು. ಬೆಳಗ್ಗಿಂದ ಎಷ್ಟು ಜನ ಹೋಗಿ ಬಂದರು, ನೋಡ್ಲಿಲ್ವಾ?"

"ಅವರಲ್ಲಿ ಯಾರಾದರೂ ನೀರಿಗೆ ಬಿದ್ದಿದ್ದಾರಾ?"

"ಬಿಡ್ತು ಅನ್ನಿ. ಯಾಕೆ ಬೀಳ್ತಾರೆ?"

"ಹಾಗಾದರೆ ಇದು ತೇಲುತ್ತದೆ ಅಂತ ಯಾರಿಗೆ ಗೊತ್ತು?" ಅವಳು ಈಗ ಅವನ ಮೈಮೇಲಿದ್ದುದನ್ನು ನೋಡಿದಳು. ಮಾಸಿದ ನೀಲಿ ಬಣ್ಣದ್ದು. ಹೊಳೆಯ ಕೆಸರು ಪಟ್ಟಿಗಳಲ್ಲಿ ಒಣಗಿತ್ತು. "ನೀವು ಯಾಕೆ ಬೇರೆ ಹಾಕಿದ್ದು?"

"ಇದು ನನ್ನ ಸ್ವಂತದ್ದು. ಅಭ್ಯಾಸ ಅಷ್ಟೆ."

ಮನೋರಮಾ ಕೈ ಚಾಚಿ ಅವನ ಎದೆಗೇ ಹೆಬ್ಬೆರಳು ಒತ್ತಿದಳು. ಗುಳಿ ಬಿದ್ದದ್ದು ಕೂಡಲೇ ಎದ್ದಿತು. "ಇದನ್ನು ಕೊಡಿ."

"ಬೆವರಿನ ವಾಸನೆ ಉಂಟು ಅಕ್ಕ."

"ವಾಸನೆಗೆ ಯಾರೂ ಸಾಯುವುದಿಲ್ಲ."

"ಎಂತ ಮಾರಾಯ್ತಿ, ನಮಗೂ ಹೋಗ್ಲಿಕ್ಕುಂಟು" ಎಂದು ಸಾಲಿನಲ್ಲಿ ಒಬ್ಬರು ಗೊಣಗಿದರು. "ಅಮ್ಮ, ಮರ್ಯಾದೆ ತೆಗೀಬೇಡ" ಎಂದಳು ತನ್ವಿ. ಜೋಯ್‌ಸ್ಟನ್ ಕಮಿಟಿಯವರು ಕೂತಿದ್ದ ಚಪ್ಪರದ ಕಡೆ ಒಮ್ಮೆ ನೋಡಿ, ಬಕಲ್ ಬಿಚ್ಚಿ, ನೀಲಿ ಜಾಕೆಟನ್ನು ಕಳಚಿ ಹಿಡಿದ.

"ಒಂದೇ ಇರುವುದು. ಯಾರಿಗೆ?"

ಮನೋರಮಾಳ ಕೈ ಆಗಲೇ ತನ್ವಿಯ ತೋಳು ಹಿಡಿದಿತ್ತು. ಮೋಕ್ಷಾ ಅವಳ ಇನ್ನೊಂದು ಕೈಯಲ್ಲಿದ್ದ ಕಿತ್ತಳೆ ಜಾಕೆಟನ್ನು ತೆಗೆದುಕೊಂಡು, "ನಂಗೆ ಇದೇ ಇರ್ಲಿ ಮಾಮಿ. ಇದು ಫೋಟೋದಲ್ಲಿ ಚಂದ ಬರ್ತದೆ" ಎಂದಳು. ಮನೋರಮಾಳಿಗೆ ಅಷ್ಟು ಸಾಕಾಯಿತು. ಆದರೂ ಜೋಯ್‌ಸ್ಟನ್‌ನ ಕಡೆ ತಿರುಗಿ, "ನೀವು ಈಗ ಇದನ್ನೇ ಹಾಕುವುದಲ್ವಾ? ಈ ಕಿತ್ತಳೆಯನ್ನೇ?" ಎಂದು ಕೇಳಿದಳು.

"ಮತ್ತೆ? ಇದನ್ನೇ."

ಅವನಿಗೆ ಆಗುವುದಾದರೆ ಮೋಕ್ಷಾಳಿಗೂ ಆದೀತು. ಅವಳು ತನ್ನ ಕೈಯಾರೆ ಮೋಕ್ಷಾಳ ಬಕಲ್ ಹಾಕಿದಳು, ಪಟ್ಟಿ ಬಿಗಿದಳು.

ಹುಡುಗಿಯರು ಒಂದೇ ಕಯಾಕಿನಲ್ಲಿ ಕೂತರು, ತನ್ವಿ ಮುಂದೆ, ಮೋಕ್ಷಾ ಹಿಂದೆ. ಜೋಯ್‌ಸ್ಟನ್ ಅವರನ್ನು ನೀರಿಗೆ ನೂಕಿದ. ದಡದಲ್ಲಿದ್ದ ರಾಶಿಯಿಂದ ಒಂದು ಕಿತ್ತಳೆ ಜಾಕೆಟ್ ಎಳೆದುಕೊಂಡು ತನ್ನ ಕಯಾಕಿನ ಬಳಿ ಹೋದ. ಮನೋರಮಾ ಅವನ ಮೇಲಿಂದ ಕಣ್ಣು ತೆಗೆಯಲಿಲ್ಲ. ಅವನು ಜಾಕೆಟನ್ನು ಎರಡಾಗಿ ಮಡಚಿ, ಸೀಟಿನ ಮೇಲೆ ಹಾಕಿ, ಅದರ ಮೇಲೆ ಕೂತು ಹುಟ್ಟು ಎತ್ತಿಕೊಂಡ.

"ಏಯ್!" ಎಂದು ಅವಳು ಕೂಗಿದಳು.

ಮೈಕಿನ ಸದ್ದಿನಲ್ಲಿ ಅದು ಅವನಿಗೆ ಕೇಳಿಸಲಿಲ್ಲ. ಕೇಳಿಸಿದ್ದು ಮೋಕ್ಷಾಳಿಗೆ. ಅವಳು ತನ್ನನ್ನೇ ಕರೆದದ್ದೆಂದು ತಿಳಿದು, ಸೊಂಟ ತಿರುಗಿಸಿ ಕೈ ಬೀಸಿದಳು. ಬಿಸಿಲು ಅವಳ ಎದೆಯ ಮೇಲೆ ನೇರ ಬಿದ್ದಿತ್ತು. ಉತ್ಸವದ ಹೆಸರಿನ ಪಕ್ಕದಲ್ಲಿ ಹೆಬ್ಬೆರಳಿನ ಗುಳಿ ಹಾಗೆಯೇ ಇತ್ತು.

ಮನೋರಮಾ ಇನ್ನೊಮ್ಮೆ ಕೂಗಲು ಬಾಯಿ ತೆರೆದಳು. ಏನೆಂದು ಕೂಗುವುದು? ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ದೀಕ್ಷಿತಾ.

"ಹೋದ್ರಾ ಅತ್ತಿಗೆ? ಜಾಕೆಟ್ ಎಲ್ಲ ಸರಿ ಉಂಟಲ್ಲ? ನೀವಿರುವಾಗ ಕೇಳುವುದೇ ತಪ್ಪು, ಆದರೂ ಮನಸ್ಸು ಕೇಳ್ಬೇಕಲ್ಲ."

ಮಕ್ಕಳ ಕಯಾಕ್ ಬಂಡೆಯ ಮರೆಗೆ ಸರಿಯಿತು. ಮೊದಲು ನೀಲಿ ಮರೆಯಾಯಿತು, ಆಮೇಲೆ ಕಿತ್ತಳೆ.

"ನಾನೇ ಒತ್ತಿ ನೋಡಿದ್ದೇನೆ" ಎಂದಳು ಮನೋರಮಾ, ಬೆರಳಿಗೆ ಅಂಟಿದ್ದ ಹಳದಿ ಪುಡಿಯನ್ನು ಸೀರೆಗೆ ಒರೆಸುತ್ತ.