ಕುಬಸದ ಉಂಡಿ

ಏಳು ತಿಂಗಳ ಬಸುರಿ ಸೊಸೆಯ ತೂಕ ಒಂದಿಷ್ಟೂ ಏರಿರಲಿಲ್ಲ. ಕುಬಸದ ಸೀಮಂತಕ್ಕೆ ಬಂದವರು ಕೊಟ್ಟ ಶೇಂಗಾ ಉಂಡಿಯನ್ನೆಲ್ಲ ಅತ್ತೆ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದಳು.

“ಕೂಸು ದಪ್ಪಾದ್ರ ಹಡಿಯೂದು ತ್ರಾಸ ಆಗ್ತೈತ್ರಿ ಬಾಯಾರ,” ಎಂದಳು ಅತ್ತೆ, ದವಾಖಾನೆಯಲ್ಲಿ ಡಾಕ್ಟರ್‌ಬಾಯಿಗೆ. “ಇಂವ ಹೊಟ್ಟ್ಯಾಗಿದ್ದಾಗ ನಾ ಹೊತ್ತಿಗೆ ಅರ್ಧ ರೊಟ್ಟಿ ಮ್ಯಾಲ ತಿಂದಾಕಿ ಅಲ್ಲ. ಏನಾಗೇತಿ ನನ್ನ ಮಗಗ?”

ಬಾಗಿಲ ಬಳಿ ನಿಂತಿದ್ದ ಮಗ ತಾನೂ ಯೋಚಿಸತೊಡಗಿದ.

ಡಾಕ್ಟರ್‌ಬಾಯಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅವ್ವಾರ, ತಾಯಿಗೆ ಊಟ ಸಾಲದಿದ್ರ ಹೊಟ್ಟ್ಯಾಗಿನ ಕೂಸಿನ ಹಾರ್ಮೋನು ಏರುಪೇರಾಗ್ತಾವ. ‘ಹೊಟ್ಟಿ ತುಂಬೇತಿ, ಸಾಕು’ ಅಂತ ಹೇಳೂ ಹಾರ್ಮೋನ ಕಡಿಮಿ ಆಗ್ತೈತಿ. ಅಂಥಾ ಕೂಸಿಗೆ ಮುಂದ ಎಷ್ಟು ತಿಂದ್ರೂ ಹಸಿವು ಹಿಂಗದಂಗ ಆಗಬಹುದು. ಇಕಿಗೆ ದಿನಾ ಎರಡು ಉಂಡಿ, ಒಂದು ತತ್ತಿ, ಒಂದು ಲೋಟ ಹಾಲು ಕೊಡ್ರಿ.”

ಅತ್ತೆ ಹೆದರಿದಳು. ಸೊರಗಿದ ಹೆಂಡತಿಗೆ ಕೈಯಾರೆ ತಿನ್ನಿಸು ಎಂದು ಅಂದೇ ಕೀಲಿಯನ್ನು ಮಗನಿಗೆ ಕೊಟ್ಟಳು.

ಮುಂದಿನ ತಿಂಗಳು ನೋಡಿದರೆ ತೂಕ ಅಲ್ಲೇ ನಿಂತಿತ್ತು.

“ದೇವರಾಣಿ ಬಾಯಾರ, ಎರಡು ಸಲ ಟ್ರಂಕ್ ಖಾಲಿ ಆಗೇತಿ. ಎರಡು ಸಲಾನೂ ಮತ್ತ ಉಂಡಿ ಕಟ್ಟಿ ತುಂಬೀನಿ!”

“ಉಂಡಿ ತಿಂದೀಯೇನವಾ?” ಡಾಕ್ಟರ್‌ಬಾಯಿ ಸೊಸೆಯನ್ನು ಕೇಳಿದರು.

“ವಾಸನಿ ಅಷ್ಟ ಬಂದಿತ್ರಿ,” ಎಂದಳು ಸೊಸೆ.

ಎಲ್ಲರೂ ಬಾಗಿಲ ಕಡೆ ತಿರುಗಿದರು. ಮಗನ ಮೀಸೆಯ ಮೇಲೆ ಶೇಂಗಾ ಪುಡಿ ಅಂಟಿತ್ತು.

“ನನ್ನ ಯಾಕ ನೋಡ್ತೀರಿ?” ಎಂದ ಅವನು. “ಅರ್ಧ ರೊಟ್ಟಿ ತಿಂದಾಕಿ ನಮ್ಮವ್ವರೀ.”