ಹಿರಿಯಣ್ಣನ ಬೀಳ್ಕೊಡುಗೆ

ಮಾನ್ಯ ವಾಚಕ ಮಹಾಶಯರೇ, ಪುರಸಭೆಯ ಕಚೇರಿಯೊಂದರಲ್ಲಿ ಕೈ ಶುದ್ಧವಾಗಿದ್ದ ಮನುಷ್ಯನೊಬ್ಬನಿದ್ದನೆಂದರೆ ತಾವು ನಂಬಲಾರಿರಿ. ನಂಬದಿರುವುದು ತಮ್ಮ ಅನುಭವಕ್ಕೆ ಒಪ್ಪುವ ಮಾತೂ ಹೌದು. ಆದರೂ ಅವನನ್ನು ಸನ್ಮಾನಿಸುವ ಹೊತ್ತು ಸಮೀಪಿಸಿರುವುದರಿಂದ ದಯವಿಟ್ಟು ಆಸೀನರಾಗಬೇಕು.

ಹಿರಿಯಣ್ಣ ಅಂಗಿಯ ಗುಂಡಿಯನ್ನು ತಪ್ಪಾಗಿ ಹಾಕಿಕೊಂಡು, ಬಿಚ್ಚಿ, ಮತ್ತೆ ತಪ್ಪಾಗಿಯೇ ಹಾಕಿಕೊಂಡಿದ್ದ. ಹೆಂಡತಿ ಒಂದು ಕೈಯಿಂದ ತನ್ನ ಸೊಂಟವನ್ನು ಒತ್ತಿ ಹಿಡಿದು, ಇನ್ನೊಂದರಿಂದ ಅವನ ಗುಂಡಿ ಸರಿಪಡಿಸಿದಳು.

“ಇವತ್ತಾದ್ರೂ ಆ ನೀರಿನ ಕೆಲಸ ಮುಗಿಸ್ಕೊಂಡು ಬನ್ನಿ. ನಾಳೆಯಿಂದ ಯಾವ ಮುಖ ಇಟ್ಕೊಂಡು ಅಲ್ಲಿಗೆ ಹೋಗ್ತೀರಾ?”

“ಸಾಹೇಬ್ರ ಪಕ್ಕದಲ್ಲೇ ಕುರ್ಚಿ ಹಾಕ್ತಾರಂತೆ ಕಣೆ. ಕಿವೀಲೇ ಹೇಳ್ತೀನಿ.”

“ಹೇಳೋದ್ರಲ್ಲಿ ನೀವು ಯಾವತ್ತು ಹಿಂದೆ ಬಿದ್ದಿದ್ದೀರಿ? ಆ ಕಿವಿಗೆ ಕೇಳಿಸ್ಬೇಕಲ್ಲ!”

ಕೆಲಸ ದೊಡ್ಡದೇನಲ್ಲ. ಕಚೇರಿಯ ಹಿಂದಿನ ಗಲ್ಲಿಯ ಕೊನೆಯ ಮನೆಗೆ ನಲ್ಲಿ ಬರಬೇಕಿತ್ತು. ನೀರಿನ ಕೊಳವೆ ಅದರ ಪಕ್ಕದ ಮನೆಯವರೆಗೆ ಬಂದು, ಸುಸ್ತಾದಂತೆ ನಿಂತುಬಿಟ್ಟಿತ್ತು. ಬೇಕಾಗಿದ್ದುದು ಮುಖ್ಯ ಎಂಜಿನಿಯರರ ಒಂದು ಸಹಿ. ಈ ಒಂದು ಮನೆಗಾಗಿ ಹಿರಿಯಣ್ಣ ಎಷ್ಟು ಎಂಜಿನಿಯರರ ಮುಂದೆ ಕೈಕಟ್ಟಿ ನಿಂತನೋ ಅವನಿಗೇ ನೆನಪಿಲ್ಲ. ಅವರೆಲ್ಲ ಬಡ್ತಿ ಪಡೆದು ಹೋದರು. ಮನೆ ಮಾತ್ರ ಒಣಗಿಕೊಂಡು ಅಲ್ಲೇ ಉಳಿಯಿತು.

ಕಚೇರಿಯಲ್ಲಿ ಅವನಿಗಿಂತ ಹಳಬರು ಯಾರೂ ಇರಲಿಲ್ಲ. ಬಾಗಿಲು ತೆರೆಯುವ ಮೊದಲೇ ಹಾಜರು. ಬೀಗ ಬಿದ್ದ ಮೇಲೆಯೇ ಮನೆ. ಯಾವ ಕುರ್ಚಿಯ ಕಾಲು ಅಲುಗಾಡುತ್ತದೆ, ಯಾವ ಸಾಹೇಬರ ಮುಂದೆ ಕೆಮ್ಮಬಾರದು ಎಂಬುದನ್ನೆಲ್ಲ ಹೊಸ ಗುಮಾಸ್ತರಿಗೆ ಹೇಳಿಕೊಟ್ಟವನೂ ಅವನೇ. ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವನು ಹಿರಿಯಣ್ಣ. ಒಂದು ದಿನ ಹೆಡ್ ಕ್ಲಾರ್ಕನ ಕಣ್ಣಿಗೆ ಅವನ ನರೆತ ತಲೆ ಬಿತ್ತು. ವಯಸ್ಸೆಷ್ಟೆಂದು ಕೇಳುವ ಗೋಜಿಗೆ ಹೋಗದೆ, ಅವನು ಬೀಳ್ಕೊಡುಗೆಯ ದಿನವನ್ನೇ ಗೊತ್ತುಮಾಡಿದ.

ಹಿರಿಯಣ್ಣ ಏನೋ ಹೇಳಹೊರಟ.

“ಸುಮ್ನಿರಿ, ನಿಮ್ಮ ಸಂಕೋಚ ನಮಗೆ ಗೊತ್ತಿಲ್ವಾ? ಎಂಜಿನಿಯರ್ ಸಾಹೇಬ್ರೇ ನಿಮ್ಮ ಪಕ್ಕ ಕೂತ್ಕೋತಾರೆ” ಎಂದ ಹೆಡ್ ಕ್ಲಾರ್ಕ್.

ಎಂಜಿನಿಯರರ ಹೆಸರು ಕೇಳಿದ್ದೇ ಹಿರಿಯಣ್ಣ ತಲೆಯಾಡಿಸಿದ.

ಸಭಾಂಗಣ ತುಂಬಿತ್ತು. ಕೆಲಸದ ಹೊತ್ತಿನಲ್ಲಿ ಎಂದೂ ತುಂಬದ ಕುರ್ಚಿಗಳೆಲ್ಲ ಆ ದಿನ ಭರ್ತಿ. ಮೊದಲು ಎದ್ದವರು ಕಂದಾಯ ವಿಭಾಗದ ಮುಖ್ಯಸ್ಥರು.

“ಇವರು ನಮ್ಮ ವಿಭಾಗದಲ್ಲಿ ಇರ್ಲಿಲ್ಲ ಅನ್ನೋದೇ ನಮ್ಮ ದುರದೃಷ್ಟ. ನೀರಿನ ವಿಭಾಗದವರು ಪುಣ್ಯ ಮಾಡಿದ್ರು.”

ನೀರಿನ ವಿಭಾಗದವರು ಎದ್ದರು. “ಆ ಪುಣ್ಯ ನಮ್ದಲ್ಲ, ದಾಖಲೆ ವಿಭಾಗದವರದ್ದು!”

ದಾಖಲೆ ವಿಭಾಗದವರು ಎದೆಯ ಮೇಲೆ ಕೈಯಿಟ್ಟು, “ಇಂಥವರನ್ನ ಒಂದು ವಿಭಾಗಕ್ಕೆ ಕಟ್ಟಿಹಾಕೋಕಾಗುತ್ತಾ? ಇವರು ಎಲ್ಲರಿಗೂ ಸೇರಿದವರು” ಎಂದರು. ಚಪ್ಪಾಳೆ ಬಿತ್ತು.

ಮಾತು ಮುಂದುವರಿಯಿತು. ಇವನು ಲಂಚಕ್ಕೆ ಕೈಯೊಡ್ಡಿದವನಲ್ಲ. ಬಂದ ಜನರ ಮೇಲೆ ಒಮ್ಮೆಯೂ ರೇಗಿದವನಲ್ಲ. ಊಟದ ಹೊತ್ತಾಯಿತೆಂದು ಯಾರ ಮುಖದ ಮೇಲೂ ಕಿಟಕಿ ಮುಚ್ಚಿದವನಲ್ಲ. ಇಷ್ಟೊಂದು ಗುಣಗಳು ಒಬ್ಬನೇ ಸರ್ಕಾರಿ ನೌಕರನಲ್ಲಿ ಹೇಗೆ ಕೂಡಿಬಂದವೆಂದು ಸಭೆ ಬೆರಗಾಗಿ ತಲೆದೂಗಿತು.

ಹಿರಿಯಣ್ಣ ಎಂಜಿನಿಯರರ ಕಿವಿಯತ್ತ ಬಾಗಿದ.

“ಸಾರ್, ಗಲ್ಲಿಯ ಆ ಕೊನೇ ಮನೆ...”

“ಇವತ್ತೂ ಕೆಲಸದ ಮಾತೇನ್ರೀ? ನಿಮ್ಮನ್ನ ನೋಡಿ ನಾವು ಕಲೀಬೇಕು.” ಎಂಜಿನಿಯರರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಕಲಿಯುವ ಲಕ್ಷಣ ಮಾತ್ರ ಕಾಣಲಿಲ್ಲ.

“ಆ ಮನೆಯಾಕೆ ಬೀದಿ ನಲ್ಲಿಯಿಂದ ಬಿಂದಿಗೆ ಹೊತ್ತೂ ಹೊತ್ತೂ ಸವೆದು ಹೋಗಿದಾಳೆ ಸಾರ್. ಒಂದು ಸಹಿ ಹಾಕಿದ್ರೆ...”

“ಛೆ ಛೆ! ಪರರ ಕಷ್ಟ ಅಂದ್ರೆ ಎಂಥಾ ಮರುಕ ನಿಮಗೆ! ಮೊದಲು ಎದ್ದು ಎರಡು ಮಾತಾಡಿ. ಜನ ಕಾಯ್ತಿದಾರೆ.”

ಹೂಗುಚ್ಛವನ್ನು ಅವನ ತೋಳಿಗೆ ತುರುಕಿದರು. ಮೈಕನ್ನು ಅವನ ಗದ್ದಕ್ಕೆ ತಾಗುವಂತೆ ಬಗ್ಗಿಸಿದರು. ಈ ಗಳಿಗೆ ತಪ್ಪಿದರೆ ಆ ಮನೆಗೆ ಇನ್ನು ನೀರಿಲ್ಲವೆಂಬುದು ಅವನಿಗೆ ಸ್ಪಷ್ಟವಾಗಿತ್ತು. ಅವನು ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಹೇಳಿಬಿಟ್ಟ:

“ತಪ್ಪಾಗಿದೆ ಸಾರ್, ನಾನು ಈ ಕಚೇರಿ ನೌಕರ ಅಲ್ಲ. ಒಂದು ದಿನಾನೂ ಆಗಿರ್ಲಿಲ್ಲ. ಆ ಕೊನೇ ಮನೆ ನಂದೇ. ನಲ್ಲಿ ಹಾಕ್ಸಿಕೊಡಿ ಅಂತ ಕೇಳೋಕೆ ದಿನಾ ಬರ್ತಿದ್ದೋನು ನಾನು.”

ಮೊದಲು ಚೇತರಿಸಿಕೊಂಡವನು ಹೆಡ್ ಕ್ಲಾರ್ಕ್.

“ನೋಡಿದ್ರಾ ವಿನಯ! ಇಷ್ಟು ವರ್ಷ ಸೇವೆ ಮಾಡಿ, ತಾನೂ ಬರೀ ಅರ್ಜಿದಾರ ಅಂತಿದಾರೆ!”

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಎಂಜಿನಿಯರರು. ಎರಡೂ ಕೈ ಅದಕ್ಕೇ ಬೇಕಾದ್ದರಿಂದ ಸಹಿ ಹಾಕಲು ಕೈ ಉಳಿಯಲಿಲ್ಲ.

ಕಥೆಗಾರನು ಗಂಟುಮೂಟೆ ಕಟ್ಟಿಕೊಂಡು ಹೊರಟಿದ್ದಾನೆ, ಮಹಾಶಯರೇ. ಬಾಯಾರಿಕೆಯಾಗಿದೆ ನಿಜ, ಆದರೆ ಈ ಊರಿನಲ್ಲಿ ನೀರು ಕೇಳಿದರೆ ನಿವೃತ್ತನಾಗಿಬಿಡುವ ಭಯವಿದೆ.