ತೊಟ್ಟಿಯ ರುಚಿ

ಹೆಂಡತಿ ಒಂದು ಡಬ್ಬಿಯನ್ನು ಚರ್ಮದ ಕಟ್ಟಿನ ಹಿಂದೆ ತಳ್ಳಿದ್ದನ್ನು ಅವನು ಕಣ್ಣಾರೆ ಕಂಡ. ಮಾರಾಟಕ್ಕೆಂದು ಊರೂರು ಸುತ್ತುವವನು ಆವತ್ತು ಹೇಳದೆ ಕೇಳದೆ ಬೇಗ ಬಂದಿದ್ದ. ಅವಳು ಬೆಚ್ಚಿದಳು. ಆಮೇಲೆ ನಕ್ಕಳು. ಆ ನಗು ಅವನಿಗೆ ಸರಿಕಾಣಲಿಲ್ಲ.

ಚರ್ಮ ಹದ ಮಾಡುವ ಆ ಶೆಡ್ಡು ಅಪ್ಪನದು. ನೆಲದಲ್ಲಿ ಸಾಲು ತೊಟ್ಟಿಗಳು, ಅವುಗಳಲ್ಲಿ ತೊಗಟೆ ನೆನೆಸಿದ ಕಂದು ನೀರು, ಅದರೊಳಗೆ ಮುಳುಗಿದ ಚರ್ಮ. ದಿನಾ ಬೆಳಿಗ್ಗೆ ಅಪ್ಪ ಪ್ರತಿ ತೊಟ್ಟಿಗೂ ಬೆರಳದ್ದಿ ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದರು. ಒಗರು ಸಾಲದಿದ್ದರೆ ಇನ್ನಷ್ಟು ತೊಗಟೆ ಹಾಕಿಸುವರು. ಅವನು ಒಗರು ಅಳೆಯುವ ಮೀಟರು ತಂದುಕೊಟ್ಟಾಗ ಅದನ್ನು ಬಾಗಿಲು ಬಡಿಯದಂತೆ ಅಡ್ಡ ಇಟ್ಟ ಆಸಾಮಿ.

ತಿಂಗಳ ಹಿಂದೆ ಮಾವ-ಸೊಸೆಗೆ ಜಗಳ ಎದ್ದದ್ದು ನೀಲಿ ಪೀಪಾಯಿಯ ಪುಡಿಯಿಂದ. ತೊಟ್ಟಿಗೆ ಬೂಷ್ಟು ಹಿಡಿಯದಿರಲೆಂದು ಹಾಕುವ ಬಿಳಿ ಪುಡಿ ಅದು. ಅದು ಒಳ್ಳೆಯದಲ್ಲ, ಕಮ್ಮಿ ಮಾಡೋಣ ಎಂದು ಸೊಸೆ ರಾಗ ಎಳೆದಳು. ಅಪ್ಪ ಆಳುಗಳ ಎದುರೇ ಕೂಗಾಡಿದರು. ಅವನೂ ಅಪ್ಪನ ಪರ. ಅಪ್ಪ ಅದನ್ನು ನೆಕ್ಕಿಕೊಂಡೇ ಮುದುಕರಾದವರು, ಏನಾಗಿದೆ ಈಗ?

"ನಾನು ಸತ್ತ ಮೇಲೆ ನಡೆಸು ನಿನ್ನ ದರ್ಬಾರು," ಎಂದರು ಅಪ್ಪ.

"ಆಯ್ತು ಮಾವ," ಎಂದಳು ಅವಳು, ತಣ್ಣಗೆ.

ಅಂದಿನಿಂದ ತೊಟ್ಟಿಗೆ ಪುಡಿ ಹಾಕುವ ಕೆಲಸವನ್ನು ತಾನೇ ಮೈಮೇಲೆ ಎಳೆದುಕೊಂಡಳು. ಆವತ್ತು ಡಬ್ಬಿ ಅಡಗಿಸಿ ಅವಳು ಒಳಗೆ ಹೋದದ್ದೇ ತಡ, ಅವನು ಅದರ ಮುಚ್ಚಳ ತೆಗೆದ. ಬಿಳಿ ಪುಡಿ. ಹೆಸರಿಲ್ಲ, ಚೀಟಿಯಿಲ್ಲ, ವಾಸನೆ ಪೀಪಾಯಿಯದಲ್ಲ. ಅವನು ಮುಚ್ಚಳ ಬಿಗಿದು ಡಬ್ಬಿಯನ್ನು ಮತ್ತೆ ಕಟ್ಟಿನ ಹಿಂದೆ ತಳ್ಳಿದ.

ಮರುದಿನ ಅವನು ಕದ್ದು ನೋಡಿದ. ಅವಳು ಡಬ್ಬಿಯ ಪುಡಿಯನ್ನೇ ತೊಟ್ಟಿಗೆ ಸುರಿದು ಕದಡಿದಳು. ಅಪ್ಪ ಬಂದಾಗ ಕಂಬದ ಮರೆಗೆ ಸರಿದಳು. ಅವರ ಬೆರಳು ಬಾಯಿಗೆ ಹೋಗುವವರೆಗೂ ಕಣ್ಣು ಮಿಟುಕಿಸಲಿಲ್ಲ. ಆಮೇಲೆ ಹತ್ತಿರ ಬಂದು, ಹೇಗಿದೆ ಮಾವ ನಾಲಿಗೆ ಎಂದು ವಿಚಾರಿಸಿದಳು. ಅಪ್ಪ ಮುಂದಿನ ತೊಟ್ಟಿಗೆ ನಡೆದರು. ಇತ್ತೀಚೆಗೆ ಅವರು ಸೊಸೆಯೆದುರು ಬಾಯಿ ಬಿಡುವುದೇ ಕಮ್ಮಿಯಾಗಿತ್ತು. ತನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡವಳು, ಅಪ್ಪನನ್ನು ಹನಿಹನಿಯಾಗಿ ಮುಗಿಸುತ್ತಿದ್ದಾಳೆ! ಅವನಿಗೆ ಅಳು, ಸಿಟ್ಟು ಒಟ್ಟಿಗೇ ಬಂತು.

ಕೂಗಾಡಿದರೆ ಮನೆಯ ಮಾನ ಬೀದಿಗೆ. ಮೊದಲು ಅಪ್ಪನ ಜೀವ ಉಳಿಯಲಿ, ಅವಳನ್ನು ಆಮೇಲೆ ವಿಚಾರಿಸಿಕೊಳ್ಳೋಣ ಅಂದುಕೊಂಡ. ಸಂಜೆ ಅವಳು ಬಚ್ಚಲಿಗೆ ಹೋದಾಗ ಡಬ್ಬಿಯ ಪುಡಿಯನ್ನೆಲ್ಲ ಬೂದಿಗುಂಡಿಗೆ ಸುರಿದ. ಪೀಪಾಯಿಯ ಹಳೇ ಪುಡಿಯನ್ನು ಕಂಠಮಟ್ಟ ತುಂಬಿಸಿ ಡಬ್ಬಿಯನ್ನು ಇದ್ದಲ್ಲೇ ಇಟ್ಟ. ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದ.

ಬೆಳಿಗ್ಗೆ ಅವಳು ಡಬ್ಬಿಯನ್ನು ಎಂದಿನಂತೆ ತೊಟ್ಟಿಗೆ ಬಗ್ಗಿಸಿದಳು. ಅಪ್ಪ ಬಂದರು, ಬೆರಳದ್ದಿದರು, ನಾಲಿಗೆಗೆ ಇಟ್ಟರು.

ಥೂ ಎಂದು ಉಗಿದರು. ಅಂಗಿಯ ತುದಿಯಿಂದ ನಾಲಿಗೆ ಒರೆಸಿಕೊಂಡು ನೀರು ಕೇಳಿದರು. ಸೊಸೆಯ ಮುಖ ಸುಣ್ಣದಂತೆ ಬಿಳುಚಿತು. ಅವಳ ಹೆದರಿಕೆಯೇ ಸಾಕ್ಷಿ, ಸಿಕ್ಕಿಬಿದ್ದಳು ಎಂದುಕೊಂಡು ಅವನು ಮುಂದೆ ಬಂದ. ಅಪ್ಪ ಕೈಯೆತ್ತಿ ಅವನನ್ನು ತಡೆದು ಸೊಸೆಯತ್ತ ತಿರುಗಿದರು.

"ನೀನು ಆ ಪೀಪಾಯಿ ಪುಡಿ ನಿಲ್ಲಿಸಿ ಬೇರೆ ಪುಡಿ ಹಾಕಿದ್ದು ಮೊದಲ ದಿನವೇ ನನ್ನ ನಾಲಿಗೆಗೆ ಗೊತ್ತಾಯ್ತು ಕಣಮ್ಮ. ಚರ್ಮ ಕೆಡಲಿಲ್ಲ, ನನ್ನ ಬಾಯಿಹುಣ್ಣೂ ಮಾಯಿತು. ಸೋತೆ ಅನ್ನೋಕೆ ನಾಚಿಕೆಯಾಗಿ ಸುಮ್ಮನಿದ್ದೆ. ಇವತ್ತು ಮತ್ತೆ ಆ ವಿಷ ತಂದು ಹಾಕಿದ್ದು ಯಾರು?"